ಅಪ್‌ಡೇಟ್: ಆಧಾರ್ ಇಲ್ಲದ ವಿದೇಶಿ ಸಹೋದ್ಯೋಗಿಗೆ ಪುಣೆಯಲ್ಲಿ ಬಾಡಿಗೆ ಮನೆ

ಹೋದ ವಾರ ಕೇಳಿದ್ದೆ: ಜರ್ಮನಿಯಿಂದ ನಮ್ಮ ಆಫೀಸಿಗೆ ಬಂದವರಿಗೆ ಬಾಣೇರ್‌ನಲ್ಲಿ ಫ್ಲ್ಯಾಟ್ ಸಿಕ್ಕಿದೆ, ಆದರೆ ಆಧಾರ್ ಇಲ್ಲ, ಅಗ್ರಿಮೆಂಟ್ ಹೇಗೆ ಮಾಡಿಸುವುದು ಅಂತ. ಕೆಲಸ ಆಯಿತು! ಮೊನ್ನೆ ಹಾಲು ಉಕ್ಕಿಸಿ ಒಳಗೆ ಹೋದರು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈಹಿಡಿದದ್ದು "ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ" ಅನ್ನುವ ಸಲಹೆ. ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ನೋಂದಣಿಗೆ ಆಧಾರ್ ಬೆರಳಚ್ಚು ಬೇಕು. ಹಾಗಾಗಿ ಮಾಲೀಕರು, ಬಾಡಿಗೆದಾರರು, ಸಾಕ್ಷಿಗಳು ಎಲ್ಲರೂ ಖುದ್ದಾಗಿ ಹೋದೆವು. ಪಾಸ್‌ಪೋರ್ಟ್, ವೀಸಾ ತೋರಿಸಿ ಮುಗಿಸಿದೆವು.

ಕಂಪನಿ ಹೆಸರಲ್ಲಿ ಬಾಡಿಗೆಗೆ ತೆಗೆದುಕೊಳ್ಳುವ ಐಡಿಯಾಕ್ಕೆ ಎಚ್‌ಆರ್ ಒಪ್ಪಲಿಲ್ಲ. "ಸುಮ್ನೆ ನೋಟರಿ ಮಾಡಿಸಿ" ಅನ್ನುವ ಮಾತು ಮಾತ್ರ ದಯವಿಟ್ಟು ಕೇಳಬೇಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯ. ನನಗೆ ಆಶ್ಚರ್ಯವಾದದ್ದು, ಹೊಣೆ ಬಾಡಿಗೆದಾರರದ್ದಲ್ಲ, ಮಾಲೀಕರದ್ದು. ತಪ್ಪಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂದೆ ತಕರಾರು ಬಂದರೆ, ಬೇರೆ ರೀತಿ ಸಾಬೀತಾಗುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಇದನ್ನು ತಿಳಿಸಿದ ಮೇಲೆ ಹಿಂದೇಟು ಹಾಕುತ್ತಿದ್ದ ಮಾಲೀಕ ಕಾಕಾ ತಾವೇ ಮುಂದೆ ನಿಂತರು.

ಇನ್ನೊಂದು. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಎಲ್ಲರೂ ಸಿ ಫಾರ್ಮ್ ಅನ್ನುತ್ತಾರಲ್ಲ, ಅದೇ. ಅವರ ವೀಸಾ 180 ದಿನಕ್ಕಿಂತ ಜಾಸ್ತಿ ಅವಧಿಯದು. ಹಾಗಾಗಿ ಭಾರತಕ್ಕೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿಯನ್ನೂ ಮಾಡಿಸಬೇಕಿತ್ತು. ಅದಕ್ಕೂ ಈ ಅಗ್ರಿಮೆಂಟನ್ನೇ ವಿಳಾಸದ ದಾಖಲೆಯಾಗಿ ಕೊಟ್ಟೆವು.