ರಟ್ಟೆಯೋ, ಭುಜವೋ? ಲಸಿಕೆ ಹಾಕಲು ಕಲಿಯುವವರಿಗೆ ಬೇಕಾದ ಪದಗಳು

ಪದಬಲ್ಲವರಿಗೆಲ್ಲ ನಮಸ್ಕಾರ.

ನಾನು ಅಮೆರಿಕದ ಟೆಕ್ಸಸ್‌ನಲ್ಲಿ ಫಾರ್ಮಸಿಸ್ಟ್. ಇಲ್ಲಿ ಲಸಿಕೆ ಹಾಕುವುದು ಔಷಧದ ಅಂಗಡಿಯ ದಿನನಿತ್ಯದ ಕೆಲಸ. ಅಂಗಡಿಯಲ್ಲಿ ಮೊದಲು ಅದು ಫಾರ್ಮಸಿಸ್ಟರ ಕೈಯಲ್ಲಷ್ಟೇ ಇತ್ತು. 2017ರಲ್ಲಿ ಐಡಾಹೊ ರಾಜ್ಯ ಫಾರ್ಮಸಿ ಟೆಕ್ನೀಷಿಯನ್ನರಿಗೂ ಅವಕಾಶ ಕೊಟ್ಟಿತು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಲ್ಲಿ, ಒಕ್ಕೂಟ ಸರ್ಕಾರವೇ ತರಬೇತಿ ಪಡೆದ ಟೆಕ್ನೀಷಿಯನ್ನರಿಗೆ ದೇಶದಾದ್ಯಂತ ಅನುಮತಿ ನೀಡಿತು. ಮಾತ್ರೆ ಎಣಿಸಿ ಡಬ್ಬಿಗೆ ತುಂಬುತ್ತಿದ್ದವರು ಈಗ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ ಸಿರಿಂಜ್ ಹಿಡಿಯುತ್ತಾರೆ.

ನಮ್ಮಲ್ಲಿ ಕಲಿಯುತ್ತಿರುವವರ ಪೈಕಿ ಶಿವಮೊಗ್ಗ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಮಕ್ಕಳ ಮನೆಗೆಂದು ಬಂದ ನಮ್ಮ ಕಡೆಯ ಹಿರಿಯರು ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆಗೆ ಬರುತ್ತಾರೆ, ಅವರಿಗೆ ಕನ್ನಡದಲ್ಲಿ ವಿವರಿಸಬೇಕು ಎಂದು ಅವಳಿಗೆ ಆಸೆ. ಒಂದು ಹಾಳೆಯ ಟಿಪ್ಪಣಿ ಬರೆದುಕೊಟ್ಟೆ. ‘ಭುಜದ ಸ್ನಾಯುವಿಗೆ ಸೂಜಿಯನ್ನು ನೆಟ್ಟಗೆ ಚುಚ್ಚಬೇಕು’ ಎಂದಿತ್ತು ಅದರಲ್ಲಿ. ಅಭ್ಯಾಸಕ್ಕೆಂದು ಇಟ್ಟಿರುವ ರಬ್ಬರ್ ತೋಳಿನ ಮೇಲೆ ಅವಳು ಬೆರಳಿಟ್ಟು ತೋರಿಸಿದ ಜಾಗ ನೋಡಿ ನನ್ನ ಎದೆ ಧಸಕ್ಕೆಂದಿತು. ಹೆಗಲ ಮೂಳೆಗೆ ಅಂಟಿಕೊಂಡಂತೆ, ತೀರಾ ಮೇಲೆ! ಅಲ್ಲಿ ಚುಚ್ಚಿದರೆ ಮದ್ದು ಸ್ನಾಯುವಿಗೆ ಸೇರದೆ ಕೀಲಿನ ಪಕ್ಕದ ತೆಳುಚೀಲಕ್ಕೆ ಹೋಗಬಹುದು, ತಿಂಗಳುಗಟ್ಟಲೆ ಕೈ ಎತ್ತಲಾಗದಂಥ ನೋವು ಬರಬಹುದು. ಅವಳ ತಪ್ಪೇನೂ ಇಲ್ಲ. ಭುಜ ಎಂದರೆ ಅವಳಿಗೆ ಅದೇ ಜಾಗ.

ಸಂಸ್ಕೃತದಲ್ಲಿ ಭುಜವೆಂದರೆ ತೋಳು. ಚತುರ್ಭುಜನಿಗಿರುವುದು ನಾಲ್ಕು ತೋಳು. ಕನ್ನಡದ ಬಳಕೆಯಲ್ಲಿ ಆ ಪದ ಮೇಲಕ್ಕೆ ಸರಿದು ಹೆಗಲ ಮೇಲೆ ಕುಳಿತಿದೆ: ಭುಜ ತಟ್ಟುತ್ತೇವೆ, ವೇಷಧಾರಿಗೆ ಭುಜಕೀರ್ತಿ ಕಟ್ಟುತ್ತೇವೆ. ‘ತೋಳು’ ಎನ್ನೋಣವೆಂದರೆ ಹೆಗಲಿನಿಂದ ಮುಂಗೈವರೆಗೂ ಹರಡಿಕೊಳ್ಳುತ್ತದೆ. ನನಗೆ ಬೇಕಿರುವುದು ಹೆಗಲ ತುದಿಯ ಮೂಳೆಯಿಂದ ಎರಡು ಮೂರು ಬೆರಳಗಲ ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ಹೊರಮಗ್ಗುಲಲ್ಲಿ ಮಾಂಸ ತುಂಬಿಕೊಂಡಿರುವ ಜಾಗ. (ಬೆರಳಗಲ ಎಂಬ ಅಳತೆ ನಮ್ಮಲ್ಲಿ ಸಿದ್ಧವಾಗಿಯೇ ಇರುವುದು ಎಷ್ಟು ಅನುಕೂಲ!) ಕೊನೆಗೆ ಅವಳೇ, ‘ರಟ್ಟೆ ಎಂದು ಬರೆಯಬಹುದಲ್ಲ ಅಕ್ಕಾ’ ಎಂದಳು. ರಟ್ಟೆ ಮುರಿದು ದುಡಿಯುವುದು ಎನ್ನುತ್ತೇವಲ್ಲ, ಅದೇ ರಟ್ಟೆ. ನನ್ನ ಮನಸ್ಸು ಅದಕ್ಕೇ ಒಲಿದಿದೆ. ಆದರೆ ಧಾರವಾಡ, ಕಲಬುರಗಿ, ಮಂಗಳೂರು, ಚಾಮರಾಜನಗರದ ಕಡೆಗಳಲ್ಲಿ ರಟ್ಟೆ ಎಂದರೆ ಮೊಣಕೈ ಮೇಲಿನ ಭಾಗವೇ, ಇಡೀ ಕೈಯೇ? ನಿಮ್ಮ ಮನೆಯಲ್ಲಿ ಹಿರಿಯರನ್ನು ‘ರಟ್ಟೆ ತೋರಿಸಿ’ ಎಂದು ಕೇಳಿ, ಅವರು ಎಲ್ಲಿ ಕೈಯಿಟ್ಟರೆಂದು ಬರೆದರೆ ದೊಡ್ಡ ಉಪಕಾರ.

ಎರಡನೆಯದು ಕ್ರಿಯಾಪದದ ಮಾತು. ‘ಇಂಜೆಕ್ಷನ್ ಕೊಡುತ್ತೀರಾ?’ ಎಂದು ಹಿರಿಯರು ಕೇಳಿದಾಗ ಇನ್ಸುಲಿನ್ ಪೊಟ್ಟಣ ಕೇಳುತ್ತಿದ್ದಾರೋ ಲಸಿಕೆ ಹಾಕಿಸಿಕೊಳ್ಳಲು ಬಂದಿದ್ದಾರೋ ತಿಳಿಯುವುದಿಲ್ಲ. ಔಷಧದ ಅಂಗಡಿಯಲ್ಲಿ ಎರಡೂ ನಡೆಯುತ್ತವೆ. ಆದ್ದರಿಂದ ಕೈಗಿಡುವುದಕ್ಕೆ ‘ಕೊಡು’, ಮೈಗೆ ಸೇರಿಸುವುದಕ್ಕೆ ‘ಹಾಕು’ ಎಂದು ಬೇರೆ ಮಾಡಿದ್ದೇನೆ. ಚುಚ್ಚುಮದ್ದು ಹಾಕು, ಲಸಿಕೆ ಹಾಕು ಸರಿ. ಆದರೆ ಬರಿಯ ‘ಮದ್ದು ಹಾಕು’ ಎಂದು ಎಲ್ಲೂ ಬರೆಯಬಾರದು, ಹಳ್ಳಿಯ ಅಜ್ಜಿಗೆ ಅದು ಊಟದಲ್ಲಿ ಗುಟ್ಟಾಗಿ ಬೆರೆಸುವ ಕೈಮದ್ದಿನ ನೆನಪು ತಂದು ಹೆದರಿಸೀತು. ಉತ್ತರ ಕರ್ನಾಟಕದವರು ‘ಸೂಜಿ ಮಾಡಿಸಿಕೊಂಡು ಬಂದೆ’ ಎನ್ನುವುದನ್ನೂ ಕೇಳಿದ್ದೇನೆ, ನನಗೆ ಬಹಳ ಇಷ್ಟವಾದ ಬಳಕೆ ಅದು. ‘ಚುಚ್ಚು’ ಎಂಬುದನ್ನು ಕಲಿಯುವವರ ಪಾಠದಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ. ಅಂಜಿಕೊಂಡು ಕುಳಿತವರ ಮುಂದೆ ಆಡುವ ಮಾತಲ್ಲ ಅದು.

ಪತ್ರಿಕೆಗಳು ಚುಚ್ಚುಮದ್ದು, ಲಸಿಕೆ ಎರಡನ್ನೂ ಒಂದೇ ಎಂಬಂತೆ ಬಳಸುತ್ತವೆ. ನಮಗೆ ಹಾಗೆ ಮಾಡಲಾಗದು, ಏಕೆಂದರೆ 2020ರ ಅನುಮತಿ ಇದ್ದದ್ದು ಲಸಿಕೆಗಳಿಗೆ, ಎಲ್ಲ ಚುಚ್ಚುಮದ್ದುಗಳಿಗೆ ಅಲ್ಲ. ಲಸಿಕೆಯ ಹಿಂದಿರುವ ಸಂಸ್ಕೃತದ ‘ಲಸೀಕಾ’ ಮೈಯೊಳಗಿನ ತಿಳಿರಸದ ಹೆಸರು. ಸಿಡುಬಿನ ಲಸಿಕೆಯನ್ನು ಇಂಗ್ಲಿಷಿನವರೂ ಹಿಂದೆ ಲಿಂಫ್ ಎಂದೇ ಕರೆಯುತ್ತಿದ್ದರು. ನಮ್ಮ ಅಜ್ಜಿ ಮಾತ್ರ ‘ದಾಕು ಹಾಕಿಸಿದ್ದರು’ ಎನ್ನುತ್ತಿದ್ದರು. ಆ ಪದ ಈಗಲೂ ಎಲ್ಲಾದರೂ ಬದುಕಿದೆಯೇ?

ಆಳದ ವಿಷಯ. ಸ್ನಾಯುವಿಗೆ ಹಾಕುವಾಗ ಸೂಜಿ ನೆಟ್ಟಗೆ, 90 ಡಿಗ್ರಿ. ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕಾದರೆ ಓರೆಯಾಗಿ, 45 ಡಿಗ್ರಿ. ಇದಕ್ಕೆ ‘ಚರ್ಮದಡಿ’ ಎಂದಿದ್ದೇನೆ. ಊರಿನಲ್ಲಿ ಹಸುಗೂಸಿಗೆ ಹಾಕುವ ಕ್ಷಯದ ಲಸಿಕೆ ಬಿಸಿಜಿ ಚರ್ಮದ ಪದರದೊಳಗೇ ನಿಲ್ಲಬೇಕು, ಅದು ‘ಚರ್ಮದೊಳಗೆ’. ಅವಸರದಲ್ಲಿ ಓದುವವರಿಗೆ ಇವೆರಡೂ ಒಂದೇ ಆಗಿ ಕಂಡಾವು ಎಂಬ ಭಯವಿದೆ. ಇನ್ನೂ ದೂರ ನಿಲ್ಲುವ ಜೋಡಿಪದ ಹೊಳೆದರೆ ತಿಳಿಸಿ.

ಟೆಕ್ನೀಷಿಯನ್ ಎಂಬುದನ್ನು ಹಾಗೆಯೇ ಬಿಟ್ಟಿದ್ದೇನೆ. ತಂತ್ರಜ್ಞೆ ಎಂದರೆ ಸಿನಿಮಾದವಳೆಂದುಕೊಳ್ಳುತ್ತಾರೆ, ಕಾಂಪೌಂಡರ್ ಹಳೆಯ ಕಾಲದ ಬೇರೆಯೇ ಕೆಲಸ.

ಮುಂದಿನ ವಾರ ಅವಳು ಉಪ್ಪುನೀರು ತುಂಬಿದ ಸಿರಿಂಜನ್ನು ಮೊದಲ ಸಲ ಮನುಷ್ಯರಿಗೆ, ಅಂದರೆ ನನ್ನ ಎಡರಟ್ಟೆಗೆ, ಹಾಕಲಿದ್ದಾಳೆ. ಅಷ್ಟರೊಳಗೆ ಹಾಳೆಯನ್ನು ತಿದ್ದಿಕೊಡಬೇಕಾಗಿದೆ.