ನಮ್ಮ ಬಡಾವಣೆಯ ಬಸ್ ನಿಲ್ಲಿಸಿದ್ದಾರೆ: ಆರ್‌ಟಿಐ ಹಾಕುವುದೋ, ಧರಣಿ ಕೂರುವುದೋ?

ಕೊನೇ ಸ್ಟಾಪ್: ಬೆಂಗಳೂರಿನ ಅಂಚಿನಲ್ಲಿದ್ದೇವೆ. ಬೆಳಗಿನ ಬಸ್ ಸದ್ದಿಲ್ಲದೆ ನಿಂತುಹೋಗಿದೆ. ಕೇಳಿದರೆ 'ಕಲೆಕ್ಷನ್ ಇಲ್ಲ' ಅಂತಾರೆ. ಅನುಭವ ಇದ್ದವರು ದಾರಿ ಹೇಳಿ.

ಕಡತದ ಹುಳ: ಆರ್‌ಟಿಐ, ಬೇರೆ ಮಾತೇ ಇಲ್ಲ. ನಾನು ಟ್ರಿಪ್‌ಗಳ ದಾಖಲೆ ಕೇಳಿದ್ದೆ. ಅರ್ಜಿ ವಾಪಸ್ ಬಂತು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟುವಂತಿಲ್ಲ, ಗೊತ್ತಲ್ಲ. ಯಾರೋ ಪುಣ್ಯಾತ್ಮರು ಕೂತು ಎಣಿಸಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಲೆಕ್ಕ ಬರೆದಿದ್ದರು! ಮತ್ತೆ 10 ರೂಪಾಯಿ ಪೋಸ್ಟಲ್ ಆರ್ಡರ್, ಮತ್ತೆ ಅಂಚೆ ಖರ್ಚು. 30 ದಿನ ಕಳೆದರೂ ಸುದ್ದಿಯಿಲ್ಲ. ಮೇಲ್ಮನವಿ ಹಾಕಿದ ಮೇಲೆ ಪುಟಕ್ಕೆ 2 ರೂಪಾಯಿ ಕಟ್ಟಿ ಅಂದರು. ಗಡುವು ಮೀರಿದರೆ ಪುಕ್ಕಟೆ ಕೊಡಬೇಕು, ಕಲಂ 7(6) ಓದಿ ಅಂತ ಅಲ್ಲೇ ನಿಂತು ಜಗಳ ಆಡಿದೆ. ಕೊನೆಗೆ ಸಿಕ್ಕಿದ ಕಾಗದದಲ್ಲಿ ನೋಡಿದರೆ ನಮ್ಮ ಬಸ್ ದಿನಾ ಓಡುತ್ತಲೇ ಇದೆ! ಅದನ್ನು ಮೇಜಿನ ಮೇಲೆ ಇಟ್ಟ ಮೇಲೇ ಟ್ರಿಪ್ ವಾಪಸ್ ಬಂದಿದ್ದು.

ಬಿಸಿಲಲ್ಲಿ ನಿಂತವಳು: ಎಲ್ಲರೂ ಪದ ಎಣಿಸುತ್ತಾ ಕೂತಿದ್ದರೆ ಮರ ಕಡಿದು ಕಟ್ಟಬೇಕೆಂದಿದ್ದ ಸ್ಟೀಲ್ ಫ್ಲೈಓವರ್ ಇಷ್ಟೊತ್ತಿಗೆ ತಲೆ ಮೇಲಿರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಆದರೆ ಮರ ಉಳಿಸೋಕೆ ಬಂದ ಜನ ಬಸ್ಸಿಗೆ ಬರಲ್ಲ, ಅದು ನನ್ನ ಹೊಟ್ಟೆಯುರಿ. ನಮ್ಮ ಧರಣಿಗೆ ಬ್ಯಾನರ್‌ನಲ್ಲಿ ರೂಟ್ ನಂಬರ್ ತಪ್ಪಾಗಿ ಅಚ್ಚಾಗಿ ಎರಡು ಸಲ ದುಡ್ಡು ಕಟ್ಟಿದೆವು, ಮೈಕ್ ಸೆಟ್ಟಿನವನು ಅಡ್ವಾನ್ಸ್ ವಾಪಸ್ ಕೊಡಲೇ ಇಲ್ಲ, ಜೊತೆಗೆ ಇಲ್ಲಿ ಬೇಡ, ಫ್ರೀಡಂ ಪಾರ್ಕ್‌ಗೆ ಹೋಗಿ ಅಂತ ಅಪ್ಪಣೆ. ಬಸ್ ಬೇಕು ಅಂತ ಕೂಗೋಕೆ ಆಟೋ ಮಾಡಿಕೊಂಡು ಹೋದೆವು.

ಕಡತದ ಹುಳ: ಆ ಆಟೋ ದುಡ್ಡಿಗೆ ವರ್ಷಕ್ಕಾಗುವಷ್ಟು ಪೋಸ್ಟಲ್ ಆರ್ಡರ್ ಬರುತ್ತಿತ್ತು ಮೇಡಂ. ಬಸ್ ಬಂತಾ, ಅದು ಹೇಳಿ.

ಬಿಸಿಲಲ್ಲಿ ನಿಂತವಳು: ಬಂತು. ಮಧ್ಯಾಹ್ನ, ಖಾಲಿ ಬಸ್. ಈಗ ಅದಕ್ಕೂ ಕಲೆಕ್ಷನ್ ಇಲ್ಲ ಅಂತಿದ್ದಾರೆ. ನಿಮ್ಮ ವಾದವನ್ನೇ ಅವರೂ ಮಾಡುತ್ತಾರೆ ಸಾರ್, ಸುಮ್ನೆ ಕೆಣಕಬೇಡಿ.

ಹಳಿ ಕಾಯುವವ: ಒಂದು ಬಸ್ಸಿಗೇ ಇಷ್ಟಾ? ನಾವು ಬೆಂಗಳೂರಿಗೆ ಉಪನಗರ ರೈಲು ಕೊಡಿ, 'ಚುಕುಬುಕು ಬೇಕು' ಅಂತ ಗಂಟಲು ಹರಿದುಕೊಂಡವರು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. 148 ಕಿಲೋಮೀಟರ್, 15,767 ಕೋಟಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯೂ ಆಯ್ತು. ನಾನು ಈಗಲೂ ಮೆಟ್ರೋದಲ್ಲೇ ಹೋಗುತ್ತಿದ್ದೇನೆ, ಅದರ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90ಕ್ಕೆ ಏರಿತು.

ಕಡತದ ಹುಳ: ಹೆಂಗಸರಿಗೆ ಪುಕ್ಕಟೆ ಪ್ರಯಾಣ ಕೊಟ್ಟರೆ ಕಲೆಕ್ಷನ್ ಎಲ್ಲಿಂದ ಬರಬೇಕು?

ಬಿಸಿಲಲ್ಲಿ ನಿಂತವಳು: ಬಂತಲ್ಲ ಅಸಲಿ ಮಾತು! ಶಕ್ತಿ ಯೋಜನೆಯ ದುಡ್ಡು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಶೂನ್ಯ ಟಿಕೆಟ್ ಹರಿಯುವುದೇ ಆ ಲೆಕ್ಕಕ್ಕೆ. ಅದನ್ನೂ ಆರ್‌ಟಿಐ ಹಾಕಿ ತಿಳಿದುಕೊಳ್ಳಿ, 150 ಪದದೊಳಗೆ.

ಕೊನೇ ಸ್ಟಾಪ್: ಮೇಲ್ಮನವಿ ಯಾರ ಹೆಸರಿಗೆ ಬರೆಯಬೇಕು ಅಂತ ಯಾರಾದರೂ ಹೇಳ್ತೀರಾ?

ಹಳಿ ಕಾಯುವವ: ಮೊದಲು ನಿಮ್ಮ ಹತ್ತಿರ ರೈಲ್ವೆ ಹಳಿ ಇದೆಯಾ, ಅದು ಹೇಳಿ.