ತೊಟ್ಟಿಲ ಹೊದಿಕೆಯ ಅಂಚು ಒಳಕ್ಕೆ ಸರಿಯುತ್ತಿದೆ: 60 ಕಂಬ 52 ಆದದ್ದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ದಪ್ಪ ಉಲ್ಲನ್ ದಾರದಲ್ಲಿ, 5.5 ಮಿಲಿಮೀಟರಿನ ಕ್ರೋಶಾ ಕಡ್ಡಿಯಿಂದ ಒಂದು ಹೊದಿಕೆಯನ್ನು ಹೆಣೆಯುತ್ತಿದ್ದೇನೆ. ಮಾದರಿಯಲ್ಲಿ ಹೇಳಿರುವಂತೆ 62 ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದು ಸರಪಳಿಯಂತೆ ಹಾಕುವ ಹೊಲಿಗೆ) ಹಾಕಿ, ಕಡ್ಡಿಯಿಂದ ನಾಲ್ಕನೆಯ ಚೈನಿಗೆ ಮೊದಲ ಕಂಬವನ್ನು ಹಾಕಿದೆ. ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿಕೊಂಡು ಹಾಕುವ ಉದ್ದ ಹೊಲಿಗೆಯನ್ನೇ ಇಲ್ಲಿ ಕಂಬ ಎನ್ನುತ್ತಿದ್ದೇನೆ. ದೊಡ್ಡಮ್ಮ ಅದನ್ನು ಟ್ರೆಬಲ್ ಎಂದು ಕಲಿಸಿದ್ದರು, ಮಾದರಿಯಲ್ಲಿ ಅದಕ್ಕೆ ಡಬಲ್ ಕ್ರೋಶೆ ಎಂದಿದೆ. ಮೊದಲ ಸಾಲು ಮುಗಿದಾಗ ಸರಿಯಾಗಿ 60 ಇತ್ತು. ಆಮೇಲೆ ಎಣಿಸುವ ಗೋಜಿಗೆ ಹೋಗಲಿಲ್ಲ. ನಿನ್ನೆ ನೆಲದ ಮೇಲೆ ಹರಡಿ ನೋಡಿದರೆ ಎರಡೂ ಅಂಚುಗಳು ಒಳಕ್ಕೆ ಸರಿದು, ಮೇಲಿನ ಅಗಲ ಕೆಳಗಿನದಕ್ಕಿಂತ ನಾಲ್ಕು ಬೆರಳಷ್ಟು ಕಡಿಮೆಯಾಗಿದೆ. ಕೊನೆಯ ಸಾಲಿನಲ್ಲಿರುವುದು 52. ಇದರ ಜೊತೆಗೆ ಇನ್ನೊಂದು ಗೊಂದಲವಿದೆ: ನನ್ನ ಲೆಕ್ಕದಲ್ಲಿ 15 ಸಾಲು ಮುಗಿದಿವೆ, ಆದರೆ 14ನೆಯ ಸಾಲಿನ ನಂತರ ಬಣ್ಣ ಬದಲಿಸಬೇಕೆಂದು ಮಾದರಿ ಹೇಳುತ್ತದೆ. ಒಂದು ಸಾಲು ಹೆಚ್ಚಾಗಿ ಹೆಣೆದೆನೇ? ದಯವಿಟ್ಟು ತಿಳಿಸಿ.

ಉತ್ತರ (ಮೊದಲನೆಯವರು)

ಊಹೆಯ ಮೇಲೆ ಹೇಳುವ ಬದಲು ಒಂದು ಕೆಲಸ ಮಾಡೋಣ. ಕೆಳಗಿನಿಂದ ಪ್ರಾರಂಭಿಸಿ ಪ್ರತಿಯೊಂದು ಸಾಲಿನ ಕಂಬಗಳನ್ನೂ ಎಣಿಸಿ, ಸಾಲಿನ ತುದಿಯಲ್ಲಿರುವ ಮೂರು ಚೈನನ್ನು ಒಂದು ಕಂಬವೆಂದೇ ಪರಿಗಣಿಸಿ, ಬಂದ ಸಂಖ್ಯೆಗಳನ್ನು ಇಲ್ಲಿ ಬರೆಯಿರಿ. ಅಗಲ ಎಲ್ಲಿ ಕಡಿಮೆಯಾಯಿತು ಎನ್ನುವುದಕ್ಕಿಂತ ಯಾವ ಕ್ರಮದಲ್ಲಿ ಕಡಿಮೆಯಾಯಿತು ಎನ್ನುವುದೇ ತಪ್ಪಿನ ಗುರುತು.

ಸಾಲುಗಳ ಲೆಕ್ಕಕ್ಕೆ ಈಗಲೇ ಉತ್ತರಿಸಬಹುದು. ಅಡಿಪಾಯದ ಚೈನನ್ನು ಸಾಲೆಂದು ಎಣಿಸುವ ಪದ್ಧತಿಯಿಲ್ಲ; ಅದರ ಮೇಲೆ ಹಾಕಿದ ಕಂಬಗಳದ್ದೇ ಮೊದಲ ಸಾಲು. ನಿಮ್ಮ 15ರಲ್ಲಿ ಅದೂ ಸೇರಿಕೊಂಡಿರಬಹುದು. ಪರೀಕ್ಷಿಸಲು ಎಣಿಸಲೇಬೇಕೆಂದಿಲ್ಲ. ಚೈನ್ ಹಾಕಲು ತೊಡಗಿದಾಗ ಗಂಟಿನಿಂದ ಇಳಿಬಿಟ್ಟ ದಾರದ ತುದಿ ಯಾವ ಪಕ್ಕದಲ್ಲಿದೆ ನೋಡಿ. ಮೊದಲ ಸಾಲು ಆ ತುದಿಯ ಕಡೆಗೇ ಸಾಗಿ ಮುಗಿಯುವುದರಿಂದ, ಒಂದು ಸಾಲು ಪೂರ್ಣವಾದಾಗ ಕಡ್ಡಿಯು ಆ ದಾರದ ನೇರಕ್ಕೆ ನಿಂತಿದ್ದರೆ ನೀವು ಹೆಣೆದಿರುವುದು ಬೆಸ ಸಂಖ್ಯೆಯ ಸಾಲು, ಎದುರು ಅಂಚಿನಲ್ಲಿದ್ದರೆ ಸಮ ಸಂಖ್ಯೆಯದು. ಎಡಗೈಯಲ್ಲಿ ಹೆಣೆಯುವವರಿಗೂ ಇದು ಹೀಗೆಯೇ. ಆದ್ದರಿಂದ ಆ ದಾರದ ತುದಿಯನ್ನು ಮೊದಲೇ ಹೆಣಿಗೆಯೊಳಗೆ ಸೇರಿಸಿ ಕತ್ತರಿಸಿಬಿಡಬೇಡಿ.

ಕೇಳಿದವರು

ಎಣಿಸಿದೆ. ಕಡ್ಡಿ ಎದುರು ಅಂಚಿನಲ್ಲಿದೆ, ಅಂದರೆ ಮುಗಿದಿರುವುದು 14 ಸಾಲು. ತಾವು ಹೇಳಿದಂತೆ ಅಡಿಪಾಯದ ಚೈನನ್ನೂ ಸೇರಿಸಿಕೊಂಡಿದ್ದೆ. ಕಂಬಗಳ ಲೆಕ್ಕ ಮಾತ್ರ ವಿಚಿತ್ರವಾಗಿದೆ. ಮೊದಲ ಸಾಲಿನಿಂದ ಐದನೆಯದರವರೆಗೆ ಕ್ರಮವಾಗಿ 60, 59, 58, 57, 56. ಆರರಿಂದ ಹತ್ತನೆಯ ಸಾಲಿನವರೆಗೆ ಎಲ್ಲವೂ 56. ಅನಂತರ 55, 54, 53, 52. ನಡುವಿನ ಐದು ಸಾಲುಗಳಲ್ಲಿ ಕೈ ಸರಿಹೋಗಿ ಮತ್ತೆ ಕೆಟ್ಟದ್ದು ಹೇಗೆಂದು ತಿಳಿಯುತ್ತಿಲ್ಲ.

ಉತ್ತರ (ಮೊದಲನೆಯವರು)

ನಡುವಿನ ಐದು ಸಾಲುಗಳಲ್ಲಿ ಕೈ ಸರಿಹೋಗಿರಲಿಲ್ಲ. ಅಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ.

ಸಾಲು ಮುಗಿಸಿ ಹೆಣಿಗೆಯನ್ನು ತಿರುಗಿಸಿದ ಮೇಲೆ ಹಾಕುವ ಮೂರು ಚೈನ್ ನಿಮ್ಮ ಮಾದರಿಯಲ್ಲಿ ಮೊದಲ ಕಂಬದ ಸ್ಥಾನದಲ್ಲಿ ನಿಲ್ಲುತ್ತದೆ. ಆರಂಭದ ಲೆಕ್ಕದಿಂದಲೇ ಇದು ಗೊತ್ತಾಗುತ್ತದೆ: 62 ಚೈನಿನಲ್ಲಿ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಹಾಕಿದರೆ 59 ಕಂಬಗಳಾಗುತ್ತವೆ, ಬಿಟ್ಟ ಮೂರು ಚೈನ್ ಸೇರಿ ಒಂದು ಕಂಬ, ಒಟ್ಟು 60. ಚೈನನ್ನು ಹೀಗೆ ಕಂಬವೆಂದು ಒಪ್ಪಿಕೊಂಡ ಮೇಲೆ ಎರಡು ಕಡೆ ಅದಕ್ಕೆ ನಿಷ್ಠರಾಗಿರಬೇಕು. ಸಾಲಿನ ಮೊದಲಲ್ಲಿ, ಚೈನಿನ ಬುಡದಲ್ಲಿರುವ ಕಂಬದ ಸ್ಥಾನವನ್ನು ಆ ಚೈನೇ ತುಂಬಿರುವುದರಿಂದ, ಮುಂದಿನ ಕಂಬವನ್ನು ಬುಡಕ್ಕೆ ಹಾಕದೆ ಅದರ ಪಕ್ಕದ್ದಕ್ಕೆ ಹಾಕಬೇಕು. ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿನವರು ಬಿಟ್ಟುಹೋದ ಮೂರು ಚೈನಿನ ನೆತ್ತಿಗೆ, ಅಂದರೆ ಮೂರನೆಯ ಚೈನಿಗೆ, ಒಂದು ಕಂಬವನ್ನು ಹಾಕಲೇಬೇಕು. ಹಿಂದಿನ ಸಾಲಿನವರು ಎಂದರೆ ನೀವೇ, ಆದರೂ ಬೇರೆ ಯಾರೋ ಅಡಗಿಸಿಟ್ಟು ಹೋದಂತೆಯೇ ಅದು ಕಣ್ಣಿಗೆ ಬೀಳುವುದಿಲ್ಲ.

ನೀವು ಎರಡನೆಯ ಸಾಲಿನಿಂದ ಐದನೆಯದರವರೆಗೆ ಆರಂಭವನ್ನು ಸರಿಯಾಗಿ ಮಾಡಿದ್ದೀರಿ, ಕೊನೆಯ ಆ ನೆತ್ತಿಯನ್ನು ಪ್ರತಿಸಲವೂ ಬಿಟ್ಟಿದ್ದೀರಿ. ಸಾಲಿಗೊಂದು ಕಂಬ ಕಳೆದಿದೆ. ಸಾಲಿನ ಕೊನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವುದರಿಂದ ಎರಡೂ ಅಂಚುಗಳು ಸಮನಾಗಿ ಸವೆದಂತೆ ಕಾಣುತ್ತವೆ. ಆರರಿಂದ ಹತ್ತರವರೆಗೆ ಬುಡದ ಕಂಬಕ್ಕೂ ಒಂದು ಕಂಬ ಹಾಕಿದ್ದೀರಿ, ಕೊನೆಯನ್ನು ಮಾತ್ರ ಹಿಂದಿನಂತೆಯೇ ಬಿಟ್ಟಿದ್ದೀರಿ. ಮೊದಲಲ್ಲಿ ಒಂದು ಸೇರಿತು, ಕೊನೆಯಲ್ಲಿ ಒಂದು ಹೋಯಿತು, ಲೆಕ್ಕ 56ರಲ್ಲೇ ನಿಂತಿತು. ಹನ್ನೊಂದನೆಯ ಸಾಲಿನಿಂದ ಮತ್ತೆ ಹಳೆಯ ರೀತಿ. ಆ ಐದು ಸಾಲುಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ತಿರುವಿನ ಚೈನ್ ಹೊರಕ್ಕೆ ಕಮಾನಿನಂತೆ ಬಾಗಿ ನಿಂತಿರುವುದು ಕಾಣಬೇಕು.

ಕೇಳಿದವರು

ಹೌದು, ಕಮಾನುಗಳಿವೆ! ಆರನೆಯ ಸಾಲಿನ ಹೊತ್ತಿಗೆ ಒಂದು ವೀಡಿಯೊ ನೋಡಿದ್ದೆ. ಅದರಲ್ಲಿ ಬುಡಕ್ಕೇ ಕಂಬ ಹಾಕುತ್ತಿದ್ದರು. ಹಾಗಾದರೆ ಆ ವೀಡಿಯೊ ತಪ್ಪೇ?

ಉತ್ತರ (ಎರಡನೆಯವರು)

ವೀಡಿಯೊ ತಪ್ಪಲ್ಲ, ಅದು ಬೇರೊಂದು ಪದ್ಧತಿ. ತಿರುವಿನ ಚೈನನ್ನು ಕಂಬವೆಂದು ಎಣಿಸದೆ, ಕೇವಲ ಎತ್ತರಕ್ಕೆ ಏರುವ ಮೆಟ್ಟಿಲೆಂದು ಭಾವಿಸಿ, ಬುಡದ ಕಂಬಕ್ಕೂ ಹಾಕಿ, ಕೊನೆಯಲ್ಲಿ ಚೈನನ್ನು ಬಿಟ್ಟುಬಿಡುವವರಿದ್ದಾರೆ. ಅವರು ಸಾಮಾನ್ಯವಾಗಿ ಮೂರರ ಬದಲು ಎರಡೇ ಚೈನ್ ಹಾಕುತ್ತಾರೆ, ಆಗ ಅಂಚಿನ ಕಮಾನು ಅಷ್ಟಾಗಿ ಎದ್ದು ಕಾಣುವುದಿಲ್ಲ. ಆ ಪದ್ಧತಿಯಲ್ಲೂ 60 ಕಂಬಕ್ಕೆ ಬೇಕಾಗುವುದು 62 ಚೈನೇ, ಆದರೆ ಮೊದಲ ಕಂಬ ಹೋಗುವುದು ಕಡ್ಡಿಯಿಂದ ಮೂರನೆಯ ಚೈನಿಗೆ. ನನಗೆ ವೈಯಕ್ತಿಕವಾಗಿ ಇದೇ ಇಷ್ಟ, ಏಕೆಂದರೆ ಮೂರನೆಯ ಚೈನಿನ ನೆತ್ತಿಯನ್ನು ಹುಡುಕುವ ಕಷ್ಟ ತಪ್ಪುತ್ತದೆ. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ, ನಡುದಾರಿಯಲ್ಲಿ ಬದಲಿಸಬೇಡಿ.

ಗಿಡ್ಡ ಹೊಲಿಗೆಗೆ, ಅಂದರೆ ಅಮೆರಿಕದವರ ಸಿಂಗಲ್ ಕ್ರೋಶೆಗೆ, ಒಂದೇ ಚೈನ್ ಸಾಕು ಮತ್ತು ಅದನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ: 60 ಬೇಕಿದ್ದರೆ 61 ಚೈನ್, ಕಡ್ಡಿಯಿಂದ ಎರಡನೆಯದಕ್ಕೆ ಮೊದಲ ಹೊಲಿಗೆ. ಕಂಬಕ್ಕಿಂತಲೂ ಉದ್ದನೆಯದು, ದಾರವನ್ನು ಎರಡು ಸುತ್ತು ಸುತ್ತಿ ಹಾಕುವಂಥದ್ದು, ನಾಲ್ಕು ಚೈನನ್ನು ಕೇಳುತ್ತದೆ. ಆ ನಾಲ್ಕನ್ನು ಒಂದು ಹೊಲಿಗೆಯೆಂದು ಎಣಿಸಿದರೆ 63 ಚೈನ್ ಹಾಕಿ ಐದನೆಯದರಿಂದ ಆರಂಭಿಸಬೇಕು. ಕಡ್ಡಿಯ ಮೇಲೆ ಕುಳಿತಿರುವ ಕುಣಿಕೆಯನ್ನಾಗಲೀ ಮೊದಲು ಹಾಕಿದ ಜಾರುಗಂಟನ್ನಾಗಲೀ ಚೈನೆಂದು ಲೆಕ್ಕಕ್ಕೆ ಸೇರಿಸಬಾರದು.

ಹೆಸರುಗಳ ವಿಷಯವನ್ನು ನೀವೇ ಪ್ರಸ್ತಾಪಿಸಿದ್ದೀರಿ. ನಿಮ್ಮ ದೊಡ್ಡಮ್ಮ ಬಳಸಿದ್ದು ಬ್ರಿಟಿಷ್ ಹೆಸರು, ಮಾದರಿಯದ್ದು ಅಮೆರಿಕದ ಹೆಸರು. ಒಂದೇ ಕಂಬ ಅಲ್ಲಿ ಟ್ರೆಬಲ್, ಇಲ್ಲಿ ಡಬಲ್. ಬ್ರಿಟಿಷರ ಡಬಲ್ ಎಂದರೆ ಅಮೆರಿಕದವರ ಸಿಂಗಲ್, ಅಂದರೆ ಗಿಡ್ಡ ಹೊಲಿಗೆ. ಸಿಂಗಲ್ ಕ್ರೋಶೆ ಎಂಬ ಮಾತು ಮಾದರಿಯಲ್ಲಿ ಎಲ್ಲಿಯಾದರೂ ಬಂದಿದ್ದರೆ ಅದು ಅಮೆರಿಕದ್ದೆಂದು ತಿಳಿಯಬಹುದು. ಆ ಮಾತು ಇಲ್ಲದಿದ್ದರೆ, ಮೊದಲ ಹೊಲಿಗೆ ಎಷ್ಟನೆಯ ಚೈನಿಗೆ ಎಂಬುದನ್ನು ನೋಡಿ: ಡಬಲ್ ಎಂದು ಹೇಳಿ ಎರಡನೆಯ ಚೈನಿಗೆ ಹಾಕಿಸುತ್ತಿದ್ದರೆ ಅದು ಗಿಡ್ಡ ಹೊಲಿಗೆ, ನಾಲ್ಕನೆಯದಕ್ಕೆ ಹಾಕಿಸುತ್ತಿದ್ದರೆ ಕಂಬ.

ಕೇಳಿದವರು

ಇಷ್ಟೆಲ್ಲವನ್ನೂ ಬಿಚ್ಚಬೇಕೇ? ಶಾಸ್ತ್ರಕ್ಕೆ ಉಳಿದಿರುವುದು ಹನ್ನೆರಡು ದಿನ. ಮುಂದಿನ ಸಾಲುಗಳಲ್ಲಿ ಅಂಚಿಗೆ ಎರಡೆರಡು ಕಂಬ ಹಾಕುತ್ತಾ ಮತ್ತೆ 60ಕ್ಕೆ ತಂದರೆ ಆಗದೇ?

ಉತ್ತರ (ಮೊದಲನೆಯವರು)

ಸಂಖ್ಯೆ 60ಕ್ಕೆ ಬರುತ್ತದೆ, ಹೊದಿಕೆಯ ಸೊಂಟ ಮಾತ್ರ ಹಾಗೆಯೇ ಉಳಿಯುತ್ತದೆ, ಡಮರುವಿನ ಹಾಗೆ. ಒಂದೆರಡು ಕಂಬದ ವ್ಯತ್ಯಾಸವಾಗಿದ್ದರೆ ನಾನೂ ಹಾಗೆಯೇ ಮಾಡೆಂದು ಹೇಳುತ್ತಿದ್ದೆ. ಎಂಟು ಕಂಬವೆಂದರೆ ಅಂಚಿನ ಪಟ್ಟಿ ಹಾಕಿದರೂ ಮುಚ್ಚುವುದಿಲ್ಲ. ನಿಮ್ಮ ಮೊದಲ ಸಾಲು ಸರಿಯಾಗಿದೆ, ಚೈನನ್ನು ಮತ್ತೆ ಹಾಕುವ ಅಗತ್ಯವಿಲ್ಲ. ಎರಡನೆಯ ಸಾಲಿನವರೆಗೂ ಬಿಚ್ಚಿ, ಬಿಚ್ಚುತ್ತಾ ಹೋದ ಹಾಗೆ ದಾರವನ್ನು ಸಡಿಲವಾಗಿ ಉಂಡೆ ಸುತ್ತಿಕೊಳ್ಳಿ, ಅಲ್ಲಿಂದ ಹೆಣೆಯಿರಿ.

ಈ ಸಲ ಪ್ರತಿ ಸಾಲಿನ ಮೂರು ಚೈನ್ ಹಾಕಿದ ತಕ್ಷಣ, ಮೂರನೆಯ ಚೈನಿಗೆ ಒಂದು ಸೇಫ್ಟಿ ಪಿನ್ನನ್ನೋ ಬೇರೆ ಬಣ್ಣದ ದಾರದ ತುಂಡನ್ನೋ ಸಿಕ್ಕಿಸಿ. ತಿರುಗಿ ಬರುವಾಗ ಆ ಚೈನ್ ಮಡಿಸಿಕೊಂಡು ಹಿಂದಕ್ಕೆ ವಾಲಿರುತ್ತದೆ, ಗುರುತಿಲ್ಲದೆ ಅದನ್ನು ಕಂಡುಹಿಡಿಯುವುದು ಕಲಿತ ಕೈಗೂ ಕಷ್ಟ. ಚೈನುಗಳ ನಡುವಿನ ಸಂದಿಗೆ ಹಾಕದೆ, ಚೈನನ್ನೇ ಚುಚ್ಚಿ ಹಾಕಿ. ಸಂದಿಗೆ ಹಾಕಿದರೆ ಲೆಕ್ಕ ಸರಿಯಿದ್ದರೂ ಅಂಚಿನಲ್ಲಿ ಕಿಂಡಿ ಬೀಳುತ್ತದೆ. ಮೊದಲ ನಾಲ್ಕು ಸಾಲುಗಳನ್ನು ಮಾತ್ರ ಪೂರ್ತಿಯಾಗಿ ಎಣಿಸಿ, ಆಮೇಲೆ ಪಿನ್ನು ತೆಗೆದು ಹಾಕುವುದೇ ಎಣಿಕೆಯಾಗುತ್ತದೆ.

ಉತ್ತರ (ಎರಡನೆಯವರು)

ಒಂದು ಮಾತು ಸೇರಿಸುತ್ತೇನೆ. ಬಿಚ್ಚಿದ ಮೇಲೆ ಮೊದಲ ಸಾಲನ್ನು ಮೇಜಿನ ಮೇಲೆ ಎಳೆಯದೆ ಹಾಸಿ ನೋಡಿ. ಕೆಳಗಿನ ಚೈನ್ ಬಿಗಿಯಾಗಿ ಬಿಲ್ಲಿನಂತೆ ಬಾಗಿದ್ದರೆ, ಮುಂದೆ ಲೆಕ್ಕ ಸರಿಯಿದ್ದರೂ ಬುಡ ಕಿರಿದಾಗಿ ಮೇಲೆ ಅಗಲವಾಗಿ ಕಾಣುತ್ತದೆ. ಆಗ ಮಾತ್ರ ಚೈನನ್ನು ಹೊಸದಾಗಿ, 6 ಮಿಲಿಮೀಟರಿನ ಕಡ್ಡಿಯಲ್ಲಿ ಹಾಕಿ, ಕಂಬಗಳಿಗೆ ನಿಮ್ಮ 5.5ಕ್ಕೇ ಹಿಂದಿರುಗಿ. ಪ್ರತಿ 20 ಚೈನಿಗೊಂದು ದಾರದ ಗುರುತಿಟ್ಟರೆ ಎಣಿಕೆ ತಪ್ಪಿದಾಗ ಮೊದಲಿನಿಂದ ಎಣಿಸುವ ಶಿಕ್ಷೆಯಿರುವುದಿಲ್ಲ.

ಕೇಳಿದವರು

ಐದು ದಿನಗಳ ನಂತರ ಬರೆಯುತ್ತಿದ್ದೇನೆ. ಚೈನ್ ಬಿಗಿಯಾಗಿರಲಿಲ್ಲ, ಹಾಗೆಯೇ ಉಳಿಸಿಕೊಂಡೆ. ಈಗ 22 ಸಾಲುಗಳಾಗಿವೆ, ಪ್ರತಿಯೊಂದರಲ್ಲೂ 60 ಇದೆ. 14ರ ನಂತರ ಬಣ್ಣವನ್ನೂ ಬದಲಿಸಿದೆ. ಎಲ್ಲ ಸಾಲು ಮುಗಿದ ಮೇಲೆ ಸುತ್ತಲೂ ಗಿಡ್ಡ ಹೊಲಿಗೆಯ ಪಟ್ಟಿ ಹಾಕಬೇಕೆಂದಿದೆ. ಮೇಲೆ ಮತ್ತು ಕೆಳಗೆ ಕಂಬಕ್ಕೊಂದು ಹಾಕಿದರಾಯಿತು, ಪಕ್ಕದ ಅಂಚುಗಳಲ್ಲಿ ಎಷ್ಟು ಹಾಕಬೇಕು?

ಉತ್ತರ (ಮೊದಲನೆಯವರು)

ಕಂಬದ ಸಾಲಿನ ಪಕ್ಕಕ್ಕೆ ಸಾಲಿಗೆ ಎರಡು, ನಾಲ್ಕು ಮೂಲೆಗಳಲ್ಲಿ ಒಂದೇ ಕಡೆಗೆ ಮೂರು. ಒಂದು ಗೇಣು ಹಾಕಿದ ಮೇಲೆ ನಿಲ್ಲಿಸಿ ನೋಡಿ: ಅಂಚು ಅಲೆಯಂತೆ ಏಳುತ್ತಿದ್ದರೆ ಕೆಲವು ಸಾಲುಗಳಲ್ಲಿ ಒಂದನ್ನು ಕಡಿಮೆ ಮಾಡಿ, ಒಳಕ್ಕೆ ಜಗ್ಗುತ್ತಿದ್ದರೆ ಅಲ್ಲಲ್ಲಿ ಮೂರು ಹಾಕಿ. ಎದುರು ಅಂಚಿನಲ್ಲೂ ಅಷ್ಟೇ ಸಂಖ್ಯೆ ಬರಲಿ.